ಹಳ್ಳಿಯ ನೆನಪೂ ಗಿರಣಿಯ ಊರೂ

ಬಿಟ್ಟುಬಂದ ಊರು ನೆನಪಿನಲ್ಲಿ ದಿನದಿನಕ್ಕೂ ಚೆಲುವಾಗುತ್ತ ಹೋಗುವುದು ಮನುಷ್ಯಸ್ವಭಾವ. ಮನೆಯ ಮುಂದಣ ಮರ, ಬೇಲಿಯ ಹೂ, ಬಾವಿಯ ತಣ್ಣೀರು ಇವು ಮನಸ್ಸಿನಲ್ಲಿ ಉಳಿಯುತ್ತವೆ. ಅಲ್ಲಿಯ ಸಾಲ, ರೋಗ, ಜಗಳಗಳು ಮರೆಯಾಗುತ್ತವೆ. ಗತಕಾಲದ ಉಡುಗೆ ತೊಡುಗೆಗಳೊಡನೆ ಹಳೆಯ ಕಥೆಗಳನ್ನು ತೆರೆಯ ಮೇಲೆ ತರುವ ಆಂಗ್ಲ ನಾಟಕಮಾಲೆಗಳು ಈ ಸ್ವಭಾವವನ್ನು ಚೆನ್ನಾಗಿ ಬಲ್ಲವು. ಅವುಗಳಲ್ಲಿ ಹಳ್ಳಿಯೆಂದರೆ ಎಳೆಬಿಸಿಲು. ಯಂತ್ರಗಳ ನಗರವೆಂದರೆ ಹೊಗೆ. ಈ ಎರಡು ಬಣ್ಣಗಳ ಹಿಂದೆ ಇರುವ ಬಾಳನ್ನು ಕಾಣಬಯಸುವವರಿಗೆ ‘ನಾರ್ತ್ ಅಂಡ್ ಸೌತ್’ ಎಂಬ ಕಥೆಯು ಒಳ್ಳೆಯ ಪಾಠವಾಗಿದೆ.

ಇದನ್ನು ಬರೆದವರು ಎಲಿಜಬೆತ್ ಗ್ಯಾಸ್ಕೆಲ್. ಚೆಷೈರಿನ ನಟ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಬೆಳೆದ ಈಕೆ ೧೮೩೨ರಲ್ಲಿ ಒಬ್ಬ ಧರ್ಮೋಪದೇಶಕರನ್ನು ಮದುವೆಯಾಗಿ ಮ್ಯಾಂಚೆಸ್ಟರಿನಲ್ಲಿ ನೆಲಸಿದರು. ಎರಡು ಬಗೆಯ ಬಾಳನ್ನೂ ಕಣ್ಣಾರೆ ಕಂಡ ಈ ಗೃಹಿಣಿಯ ಕಾದಂಬರಿಯು ಚಾರ್ಲ್ಸ್ ಡಿಕನ್ಸರು ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ೧೮೫೪ರ ಸೆಪ್ಟಂಬರಿನಿಂದ ೧೮೫೫ರ ಜನವರಿಯವರೆಗೆ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ಪಟ್ಟಣಿಗರ ಸಂಖ್ಯೆ ಹಳ್ಳಿಗರ ಸಂಖ್ಯೆಯನ್ನು ಮೊದಲ ಬಾರಿಗೆ ಮೀರಿದುದು ೧೮೫೧ರ ಜನಗಣತಿಯಲ್ಲಿ. ಎಂದಮೇಲೆ ಊರು ಬಿಟ್ಟವರ ಸಂಕಟವು ಆಗ ಒಂದೆರಡು ಮನೆಗಳದಾಗಿರಲಿಲ್ಲ. ೨೦೦೪ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಈ ಕಥೆಯನ್ನು ನಾಲ್ಕು ಭಾಗಗಳ ನಾಟಕಮಾಲೆಯಾಗಿ ಪ್ರಸಾರ ಮಾಡಿತು.

ಕಥೆಯ ನಾಯಿಕೆ ಮಾರ್ಗರೆಟ್ ಹೇಲ್. ದಕ್ಷಿಣದ ಹ್ಯಾಂಪ್‌ಷೈರಿನ ಕಾಡಂಚಿನ ಹೆಲ್‌ಸ್ಟನ್ ಅವಳ ಹಳ್ಳಿ. ತಂದೆ ಅಲ್ಲಿಯ ಪಾದ್ರಿ. ಆ ಸಂಸಾರವು ಹಳ್ಳಿಯನ್ನು ತೊರೆದು ಉತ್ತರದ ಮಿಲ್ಟನ್ನಿಗೆ ಬರುತ್ತದೆ. ಮಿಲ್ಟನ್ ಎಂಬ ಹೆಸರು ಕಲ್ಪಿತವಾದರೂ ಆ ಊರಿನ ಮಾದರಿ ಮ್ಯಾಂಚೆಸ್ಟರೇ. ನಾಟಕಮಾಲೆಯಲ್ಲಿ ಮಾರ್ಗರೆಟ್ ಜಾನ್ ಥಾರ್ನ್‌ಟನ್ ಎಂಬ ಮಾಲಿಕನ ಗಿರಣಿಯೊಳಗೆ ಮೊದಲು ಕಾಲಿಡುವಾಗಿನ ನೋಟ ಮರೆಯುವಂಥದಲ್ಲ. ಸಾಲುಸಾಲಾದ ಮಗ್ಗಗಳ ಮೇಲೆ ಅರಳೆಯ ನವಿರಾದ ಎಳೆಗಳು ಹಿಮದಂತೆ ತೇಲಾಡುತ್ತಿರುತ್ತವೆ. ನೋಡಲು ಅದೆಷ್ಟು ಸುಂದರ! ಆದರೆ ಅದೇ ಎಳೆ ಉಸಿರಿನೊಡನೆ ಎದೆಗಿಳಿದು, ಮಾರ್ಗರೆಟ್ಟಳ ವಯಸ್ಸಿನವಳೇ ಆದ ಬೆಸ್ಸಿ ಹಿಗಿನ್ಸ್ ಎಂಬ ಕೂಲಿಯ ಹುಡುಗಿಯನ್ನು ಕೊಲ್ಲುತ್ತದೆ.

ಈ ಸಾವಿನ ಲೆಕ್ಕವನ್ನು ಕಾದಂಬರಿಯಲ್ಲಿ ಬೆಸ್ಸಿಯೇ ಬಿಡಿಸಿ ಹೇಳುತ್ತಾಳೆ. ಧೂಳನ್ನು ಹೊರಗೆ ಸೆಳೆಯುವ ಗಾಲಿಯೊಂದು ಆಗಲೇ ಇತ್ತು. ಆದರೆ ಅದಕ್ಕೆ ಐದಾರು ನೂರು ಪೌಂಡು ವೆಚ್ಚ. ಅದರಿಂದ ಲಾಭವೇನೂ ಇಲ್ಲ. ಆದ್ದರಿಂದ ಅದನ್ನು ಹಾಕಿಸಿದ ಮಾಲಿಕರು ಕೆಲವರೇ. ಕೂಲಿಗಳಲ್ಲಿಯೂ ಕೆಲವರಿಗೆ ಅದು ಬೇಡವಾಗಿತ್ತು. ಎಳೆಗಳನ್ನು ನುಂಗಿ ನುಂಗಿ ರೂಢಿಯಾದವರಿಗೆ ಗಾಳಿ ಶುದ್ಧವಾದರೆ ಹಸಿವು ಹೆಚ್ಚುವುದು. ಹಸಿವು ಹೆಚ್ಚಿದರೆ ಕೂಲಿಯ ಹಣ ಸಾಲದು. ನಗರದ ಕ್ರೌರ್ಯವೆಲ್ಲ ಹೊಗೆಯಲ್ಲಿದೆಯೆಂದು ತಿಳಿದವರು ಈ ಮಾತನ್ನು ಓದಬೇಕು.

ಹಾಗಾದರೆ ಹೆಲ್‌ಸ್ಟನ್ ಸ್ವರ್ಗವೆ? ತೆರೆಯ ಮೇಲೇನೋ ಅದು ಬಿಸಿಲಿನಲ್ಲಿ ಮಿಂದಂತಿದೆ. ಆದರೆ ಹೇಲರು ಆ ಊರನ್ನು ಬಿಟ್ಟದ್ದು ಬಡತನದಿಂದಲ್ಲ. ಚರ್ಚಿನ ವಿಧಿಗಳಲ್ಲಿ ಸಂಶಯ ಹುಟ್ಟಿದ ಮೇಲೆ ಅಲ್ಲಿ ಅವರ ಅಂತಃಕರಣಕ್ಕೆ ಎಡೆಯಿರಲಿಲ್ಲ. ಆ ಎಡೆ ಅವರಿಗೆ ದೊರೆತದ್ದು ಹೊಗೆಯ ಊರಿನಲ್ಲಿ. ಹಗಲೆಲ್ಲ ಯಂತ್ರದೊಡನೆ ಹೋರಾಡಿದ ಥಾರ್ನ್‌ಟನ್ ಸಂಜೆ ಬಂದು ಅವರ ಬಳಿ ಗ್ರೀಕ್ ಕಾವ್ಯವನ್ನು ಓದುತ್ತಾನೆ. ಅತ್ತ ಮಾರ್ಗರೆಟ್ ಬಹುದಿನಗಳ ತರುವಾಯ ಹಳ್ಳಿಯನ್ನು ನೋಡಲು ಹೋದಾಗ, ಮೂಢನಂಬಿಕೆಯಿಂದ ಬೆಕ್ಕೊಂದನ್ನು ಜೀವಂತವಾಗಿ ಸುಟ್ಟ ಸಂಗತಿ ಅವಳ ಕಿವಿಗೆ ಬೀಳುತ್ತದೆ. ಗುಲಾಬಿಯ ಬೇಲಿಯ ಆಚೆಗೆ ಇದೂ ಇತ್ತು.

ಆದರೆ ಅದಕ್ಕೂ ಮೊದಲೇ ಅವಳು ತನ್ನ ಹಳ್ಳಿಯನ್ನು ಕುರಿತು ನಿಜವನ್ನಾಡಿದ್ದಳು. ಸಂಪು ಮುರಿದು, ಕೆಲಸ ಹೋಗಿ, ಬೆಸ್ಸಿಯ ತಂದೆ ನಿಕೊಲಸ್ ಹಿಗಿನ್ಸನು ದಕ್ಷಿಣಕ್ಕೆ ಹೋಗಿ ಹೊಲದ ಕೂಲಿ ಮಾಡುವೆನೆಂದು ಹೊರಡುತ್ತಾನೆ. ನೆರೆಯ ಬೌಚರ್ ಎಂಬಾತನು ಬಣ್ಣದ ಕಾರ್ಖಾನೆಯ ನೀರು ಹರಿಯುವ ಹಳ್ಳದಲ್ಲಿ ಬಿದ್ದು ಪ್ರಾಣ ಕಳೆದುಕೊಂಡಿದ್ದಾನೆ. ಅವನ ತಬ್ಬಲಿ ಮಕ್ಕಳ ಭಾರವೂ ಹಿಗಿನ್ಸನ ಮೇಲೆ ಬಿದ್ದಿದೆ. ಹಳ್ಳಿಯನ್ನು ಹೊಗಳಿ ಹೊಗಳಿ ಅವನಲ್ಲಿ ಈ ಆಸೆಯನ್ನು ಬಿತ್ತಿದವಳು ಮಾರ್ಗರೆಟ್ಟಳೇ. ಈಗ ಅವಳೇ ತಡೆಯುತ್ತಾಳೆ. ಅಲ್ಲಿ ಬಹಳವೆಂದರೆ ವಾರಕ್ಕೆ ಒಂಬತ್ತು ಹತ್ತು ಶಿಲ್ಲಿಂಗು ಕೂಲಿ. ಮಳೆಯಲ್ಲಿ ನೆನೆದು ದುಡಿಯಬೇಕು. ಸಂಜೆಗೆ ದಣಿದು ಬಂದವರಿಗೆ ಮಾತಾಗಲಿ ವಿಚಾರವಾಗಲಿ ಬೇಡ. ಜನರೊಡನೆ ವಾದಿಸಿ ಬಾಳಿದ ನಿನ್ನಂಥವನಿಗೆ ಆ ಮಂಕು ಬದುಕು ತಾಳದೆಂದು ತಿಳಿಹೇಳುತ್ತಾಳೆ. ಪ್ರೀತಿಯ ಊರನ್ನು ಕುರಿತು ಇಷ್ಟು ಹೇಳುವುದಕ್ಕೆ ಎಂಥ ಎದೆ ಬೇಕು! ಇಲ್ಲಿ ಸುಳ್ಳಾಡಿದ್ದರೆ ಒಂದು ಸಂಸಾರವೇ ಕೆಡುತ್ತಿತ್ತು.

ನಿಜವನ್ನಾಡುವ ಈ ಗುಣವೇ ಎರಡು ಲೋಕಗಳನ್ನು ಸಮೀಪಕ್ಕೆ ತರುತ್ತದೆ. ಮೊದಮೊದಲು ಥಾರ್ನ್‌ಟನ್ ಬೀಳ್ಕೊಳ್ಳುವಾಗ ಕೈಕುಲುಕಲು ಕೈ ನೀಡಿದರೆ, ಉತ್ತರದ ಆ ವಾಡಿಕೆಯನ್ನರಿಯದ ಮಾರ್ಗರೆಟ್ ಬರಿದೆ ತಲೆಬಾಗುತ್ತಾಳೆ. ಅದನ್ನು ಅವನು ಗರ್ವವೆಂದು ಬಗೆಯುತ್ತಾನೆ. ಕಡೆಗೆ ಅದೇ ಮಾಲಿಕನು ಹಿಗಿನ್ಸನಿಗೆ ಕೆಲಸ ಕೊಡುತ್ತಾನೆ. ಕೂಲಿಗಳಿಗಾಗಿ ಅಡಿಗೆಮನೆಯೊಂದನ್ನು ಏರ್ಪಡಿಸಿ, ಅವರು ಕರೆದಾಗ ಅಲ್ಲಿಯೇ ಕುಳಿತು ಉಣ್ಣುತ್ತಾನೆ.

ಉತ್ತರ ದಕ್ಷಿಣಗಳ ಈ ಹೋಲಿಕೆಯಲ್ಲಿ ಮೂರನೆಯ ಊರೊಂದು ತೆರೆಯ ಹಿಂದೆಯೇ ಉಳಿದಿದೆ. ಅದು ಹತ್ತಿ ಬೆಳೆದ ಊರು. ಆ ಕಾಲದಲ್ಲಿ ಲ್ಯಾಂಕಷೈರಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯ ಬಹುಭಾಗ ಅಮೆರಿಕದ ದಕ್ಷಿಣ ಸಂಸ್ಥಾನಗಳ ಗುಲಾಮರು ಬೆಳೆದದ್ದು. ೧೮೬೧ರಿಂದ ೧೮೬೫ರವರೆಗಿನ ಅಲ್ಲಿಯ ಅಂತರ್ಯುದ್ಧದಲ್ಲಿ ಆ ಸರಬರಾಜು ಕಡಿದಾಗ ಲ್ಯಾಂಕಷೈರಿನ ನೇಕಾರರು ಉಪವಾಸ ಬಿದ್ದರು. ಇತ್ತ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಗಗನಕ್ಕೇರಿತು. ಯುದ್ಧ ಮುಗಿದ ಮೇಲೆ ಇಳಿಯಿತು. ಮಿಲ್ಟನ್ನಿನಂಥ ಊರುಗಳ ಬಾಳಿಗೂ ಕನ್ನಡ ನಾಡಿನ ಎರೆಹೊಲಕ್ಕೂ ನಡುವೆ ಹೀಗೊಂದು ನೂಲು ಇತ್ತು.

ನಾಟಕಮಾಲೆಯು ನಾಯಕ ನಾಯಿಕೆಯರನ್ನು ಉತ್ತರ ದಕ್ಷಿಣಗಳ ನಡುವಣ ರೈಲು ನಿಲ್ದಾಣವೊಂದರಲ್ಲಿ ಕೂಡಿಸುತ್ತದೆ. ಕಾದಂಬರಿಯಲ್ಲಿ ಅವರು ಕೂಡುವುದು ಲಂಡನ್ನಿನ ಮನೆಯಲ್ಲಿ. ಅಲ್ಲಿ ಥಾರ್ನ್‌ಟನ್ ತನ್ನ ಕೈಪುಸ್ತಕದಿಂದ ಒಣಗಿದ ಗುಲಾಬಿ ಹೂಗಳನ್ನು ತೆಗೆದು ತೋರಿಸುತ್ತಾನೆ. ಅವಳು ಬೆಳೆದ ನೆಲವನ್ನು ನೋಡಬೇಕೆಂದು ಅವನು ಯಾರಿಗೂ ತಿಳಿಸದೆ ಹೆಲ್‌ಸ್ಟನ್ನಿಗೆ ಹೋಗಿ ಬಂದಿದ್ದನು. ಊರನ್ನು ಬಿಟ್ಟುಬಂದವಳ ಮುಂದೆ ಅವಳ ಊರಿನ ಹೂವನ್ನು ಗಿರಣಿಯವನು ಹೀಗೆ ಹಿಡಿಯುತ್ತಾನೆ. ಹೂ ಬಾಡಿದೆ, ಆದರೂ ಅದು ಎಲ್ಲಿಯದೆಂದು ಅವಳು ನೋಡಿದೊಡನೆ ಗುರುತಿಸುತ್ತಾಳೆ.