ಮಾಡಿ ನೋಡುವ ಸುಖ

ಕಾಳು ಬೇಯುವ ಮುಂಚೆ ಉಪ್ಪು ಹಾಕಬಾರದು, ಹುಳಿಯನ್ನಂತೂ ಸೋಕಿಸಲೇಬಾರದು. ನಮ್ಮ ಅಡುಗೆಮನೆಗಳಲ್ಲಿ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ದಾಟಿ ಬಂದ ಮಾತಿದು. ಇಂಥ ಮಾತು ಕಿವಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಹೌದೋ ಅಲ್ಲವೋ, ಮಾಡಿ ನೋಡಬೇಕು. ಕೆಲವರಿಗೆ ಇಸ್ಪೀಟು, ಕೆಲವರಿಗೆ ಪದಬಂಧ, ನನಗೆ ಇದು.

ಒಂದೇ ಪೊಟ್ಟಣದ ಕಡಲೆಕಾಳನ್ನು ಮೂರು ಬಟ್ಟಲಿಗೆ ಸಮನಾಗಿ ಅಳೆದು ಹಾಕಿದೆ. ಮೊದಲನೆಯದಕ್ಕೆ ಬರೀ ನೀರು, ಎರಡನೆಯದಕ್ಕೆ ಉಪ್ಪುನೀರು, ಮೂರನೆಯದಕ್ಕೆ ಹುಣಸೆಹುಳಿ ಕಿವುಚಿದ ನೀರು. ರಾತ್ರಿಯಿಡೀ ನೆನೆದವನ್ನು ಬೆಳಿಗ್ಗೆ ಒಂದೇ ಕುಕ್ಕರಿನೊಳಗೆ ಅಕ್ಕಪಕ್ಕ ಇಟ್ಟು ಬೇಯಿಸಿದ್ದಾಯಿತು. ಆಮೇಲಿನ ಹೆಜ್ಜೆಯೇ ನನಗೆ ಬಲು ಇಷ್ಟ: ಯಾವ ಕಾಳು ಯಾವ ಬಟ್ಟಲಿನದೆಂದು ಹೇಳದೆ ಮನೆಯವರ ಕೈಗೆ ಕೊಟ್ಟು ಹಿಚುಕಿಸುವುದು. ಗೊತ್ತಿದ್ದರೆ ಬೆರಳು ಕೂಡ ಪಕ್ಷಪಾತ ಮಾಡುತ್ತದೆ.

ಹುಳಿಯಲ್ಲಿ ಬೆಂದ ಕಾಳು ಗಟ್ಟಿಯಾಗಿಯೇ ಇತ್ತು. ಅಜ್ಜಿಯಂದಿರ ಮಾತು ಅಲ್ಲಿಗೆ ಗೆದ್ದಿತು. ಆದರೆ ಎಲ್ಲಕ್ಕಿಂತ ಮೆತ್ತಗಾಗಿದ್ದದ್ದು ಉಪ್ಪುನೀರಿನ ಕಾಳು! ಕಾರಣ ಕಾಳಿನ ಜೀವಕೋಶಗಳ ಗೋಡೆಯಲ್ಲಿದೆ. ಅಲ್ಲಿ ಪೆಕ್ಟಿನ್ ಎಂಬ ಅಂಟು ಕೋಶಗಳನ್ನು ಹಿಡಿದಿಟ್ಟಿರುತ್ತದೆ. ಆ ಅಂಟಿಗೆ ಬಿಗಿ ಕೊಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಅವುಗಳ ಜಾಗಕ್ಕೆ ಬಂದು ಕೂತರೆ ಹಿಡಿತ ಸಡಿಲುತ್ತದೆ, ಕಾಳು ಬೇಗ ಬೇಯುತ್ತದೆ. ಹುಳಿ ಇದ್ದರೆ ಅದೇ ಪೆಕ್ಟಿನ್ ಸುಲಭಕ್ಕೆ ಕರಗುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಿಗೆ ಬೇಳೆ ಬೇಯುವುದಿಲ್ಲ ಎಂದು ಎಷ್ಟೋ ಊರುಗಳಲ್ಲಿ ಕೇಳುವ ದೂರಿಗೂ ಕ್ಯಾಲ್ಸಿಯಂ, ಮೆಗ್ನೀಸಿಯಮ್ಮೇ ಕಾರಣ. ಒಂದು ಹಿಡಿ ಕಡಲೆಕಾಳು ಊರಿನ ಅಂತರ್ಜಲದವರೆಗೆ ನನ್ನನ್ನು ಕರೆದುಕೊಂಡು ಹೋಯಿತು. ಈ ಹವ್ಯಾಸದ ಸುಖವೆಂದರೆ ಇದೇ.

ನಂಬಿಕೆಯನ್ನು ಪರೀಕ್ಷಿಸುವುದೆಂದರೆ ಹಿರಿಯರನ್ನು ಸೋಲಿಸುವುದು ಎಂದುಕೊಂಡವರಿದ್ದಾರೆ. ನನಗೆ ಹಾಗೆಂದೂ ಅನಿಸಿಲ್ಲ. ತಾಮ್ರದ ಬಿಂದಿಗೆಯ ನೀರು ಒಳ್ಳೆಯದು ಎಂಬ ಮಾತನ್ನೇ ನೋಡಿ. ಇದನ್ನು ಮನೆಯಲ್ಲಿ ಪರೀಕ್ಷಿಸಲಾಗದು, ಪ್ರಯೋಗಾಲಯವೇ ಬೇಕು. ಬೆಂಗಳೂರಿನ ಸಂಶೋಧಕರೂ ಇದ್ದ ಒಂದು ತಂಡ ಭೇದಿ, ಕಾಲರಾ ತರುವ ಬ್ಯಾಕ್ಟೀರಿಯಾಗಳನ್ನು ನೀರಿಗೆ ಸೇರಿಸಿ, ಆ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟು ನೋಡಿತು. ಆಮೇಲೆ ಅವುಗಳಲ್ಲಿ ಒಂದೂ ಬೆಳೆಯಲಿಲ್ಲ. ನೀರಿಗೆ ಇಳಿದ ತಾಮ್ರವೂ ಅಪಾಯದ ಮಟ್ಟಕ್ಕಿಂತ ಬಹಳ ಕಡಿಮೆ. ಆ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಸರಿ ಎಂದು ಸಾಬೀತಾದ ನಂಬಿಕೆಗೆ ನಮ್ಮ ನಡುವೆ ಬರುವ ಮರ್ಯಾದೆಯೇ ಬೇರೆ.

ಹುಟ್ಟುವ ಹುಣ್ಣಿಮೆ ಚಂದ್ರ ದೊಡ್ಡದು, ನೆತ್ತಿಗೇರಿದಾಗ ಚಿಕ್ಕದು ಎನ್ನುವುದನ್ನು ಪರೀಕ್ಷಿಸಲು ಖರ್ಚೇ ಇಲ್ಲ. ಕೈಯನ್ನು ಪೂರ್ತಿ ಚಾಚಿ ಕಿರುಬೆರಳ ಉಗುರನ್ನು ಚಂದ್ರನ ಪಕ್ಕ ಹಿಡಿಯಿರಿ, ಸಂಜೆಗೊಮ್ಮೆ, ನಡುರಾತ್ರಿಗೊಮ್ಮೆ. ಅಳತೆ ಅಷ್ಟೇ ಇರುತ್ತದೆ. ಹಿಗ್ಗಿದ್ದು ನಮ್ಮ ಕಣ್ಣಿಗೆ ಮಾತ್ರ.

ಈ ಕಲೆಯಲ್ಲಿ ನಾನು ಗುರುವೆಂದು ಭಾವಿಸುವುದು ಎಚ್. ನರಸಿಂಹಯ್ಯನವರನ್ನು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ತನಿಖೆ ಮಾಡಲು ಅವರು ಸಮಿತಿಯನ್ನೇ ರಚಿಸಿದರು. ಗಾಳಿಯಲ್ಲಿ ಕೈಯಾಡಿಸಿ ಉಂಗುರ ತರುವವರು ಒಂದು ಕುಂಬಳಕಾಯಿ ತರಲಿ ಎಂದು ಅವರು ಕೇಳಿದ್ದು ನಾಡಿನಲ್ಲಿ ಪ್ರಸಿದ್ಧ. ಕೇಳಿದವರು ನಕ್ಕಿರಬಹುದು, ಆದರೆ ಪ್ರಯೋಗವೊಂದನ್ನು ಇದಕ್ಕಿಂತ ಚೊಕ್ಕವಾಗಿ ಕಟ್ಟಲು ಸಾಧ್ಯವಿಲ್ಲ. ತೋಳಿನಲ್ಲಿ, ಬೆರಳಸಂದಿಯಲ್ಲಿ ಅಡಗಿಸಬಹುದು ಎಂಬ ಸಂದೇಹವನ್ನು ಅದೊಂದೇ ಕಾಯಿ ತೊಡೆದುಹಾಕುತ್ತದೆ. ಒಳ್ಳೆಯ ಪರೀಕ್ಷೆ ಮಾಡಬೇಕಾದ ಕೆಲಸ ಇಷ್ಟೇ, ಮಿಕ್ಕ ದಾರಿಗಳನ್ನೆಲ್ಲ ಮುಚ್ಚುವುದು.

ಇನ್ನೊಬ್ಬರು ಖಗೋಳವಿಜ್ಞಾನಿ ಜಯಂತ ನಾರ್ಳೀಕರ್. 2008ರಲ್ಲಿ ಅವರೂ ಸಂಗಡಿಗರೂ ಮಹಾರಾಷ್ಟ್ರದಲ್ಲಿ 200 ಮಕ್ಕಳ ಜಾತಕ ಕೂಡಿಸಿದರು. ಅರ್ಧ ಚುರುಕು ವಿದ್ಯಾರ್ಥಿಗಳದು, ಅರ್ಧ ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಕ್ಕಳದು. ಒಬ್ಬೊಬ್ಬ ಜ್ಯೋತಿಷಿಗೆ 40 ಜಾತಕ ಕೊಟ್ಟು, ಯಾವುದು ಯಾರದೆಂದು ಹೇಳಲು ಕೋರಿದರು. 27 ಮಂದಿ ಉತ್ತರ ಕಳಿಸಿದರು. ಸರಿಯಾದದ್ದು ಸರಾಸರಿ ಶೇಕಡಾ 46. ನಾಣ್ಯ ಚಿಮ್ಮಿ ಹೇಳಿದರೂ 50ರ ಸುಮಾರಿಗೆ ಬರುತ್ತಿತ್ತು. ಆ ವರದಿಯನ್ನು ಪ್ರಕಟಿಸಿದ್ದು ನಮ್ಮ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆ. ಅಲ್ಲಿ ಯಾರ ಅವಹೇಳನವೂ ಇಲ್ಲ, ಎಣಿಕೆ ಮಾತ್ರ ಇದೆ. ಅದಕ್ಕೇ ಅದು ನನಗೆ ಮೆಚ್ಚು.

ಗ್ರಹಣದ ದಿನ ಮಾತ್ರ ಈ ನೆಮ್ಮದಿ ನನಗೆ ಉಳಿಯುವುದಿಲ್ಲ. 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಬಳಿ, ಅಂಗವೈಕಲ್ಯ ವಾಸಿಯಾಗಲೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಪರೀಕ್ಷಿಸದ ನಂಬಿಕೆಯ ಬೆಲೆಯನ್ನು ಆ ಮಕ್ಕಳು ತೆತ್ತರು. ಗ್ರಹಣ ಬಂದಾಗಲೆಲ್ಲ ಎಷ್ಟೋ ಮನೆಗಳಲ್ಲಿ ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸುತ್ತಾರೆ. ನಿಂತರೆ ಗ್ರಹಣ ಹಿಡಿದಿದೆ, ಬಿದ್ದರೆ ಬಿಟ್ಟಿತು ಎಂದು ಲೆಕ್ಕ. ತುದಿ ಚಪ್ಪಟೆಯಿರುವ ಒನಕೆ ಭಾರದ ನೇರ ಸಿಕ್ಕರೆ ಯಾವ ದಿನವೂ ನಿಲ್ಲುತ್ತದೆ. ಗ್ರಹಣವಿಲ್ಲದ ದಿನ ಯಾರೂ ನಿಲ್ಲಿಸಿ ನೋಡುವುದಿಲ್ಲ, ಅಷ್ಟೇ.

2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ. ಹಿಂದಿನ ದಿನವೇ ಮಕ್ಕಳ ಕೈಗೆ ಒನಕೆ ಕೊಟ್ಟು ನಿಲ್ಲಿಸಲು ಹೇಳಿ, ಎಷ್ಟು ಸಲ ನಿಂತಿತೆಂದು ಬರೆದಿಡಿಸಿ. ಗ್ರಹಣದ ದಿನ ಅದನ್ನೇ ಮಾಡಿಸಿ, ಮಾರನೆಯ ದಿನವೂ ಮಾಡಿಸಿ. ತೀರ್ಪನ್ನು ನೀವು ಹೇಳಬೇಡಿ, ಮಕ್ಕಳೇ ಹೇಳಲಿ.