ತಪ್ಪು ರಾಡಿನದಲ್ಲ

ಮಳವಳ್ಳಿಯ ಮೋಟರ್ ರಿವೈಂಡಿಂಗ್ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ವಾರ್ನಿಶ್ ವಾಸನೆ ಮೂಗಿಗೆ ಅಡರುತ್ತದೆ. ಬಾಗಿಲ ಪಕ್ಕ ಬಿಚ್ಚಿಟ್ಟ ಪಂಪ್‌ಸೆಟ್‌ಗಳು, ಗೋಡೆಯ ಮೊಳೆಗಳಿಗೆ ತಾಮ್ರದ ತಂತಿಯ ಸುರುಳಿಗಳು. ನೀವು ಬೆಂಚಿನ ತುದಿಯಲ್ಲಿ ಕೂತಿದ್ದೀರಿ. ಹೆಗಲಿಗೆ ಟವೆಲ್ ಹಾಕಿಕೊಂಡ ಹಿರಿಯರೊಬ್ಬರು ಬಂದು, ನೀರು ಕಾಯಿಸುವ ರಾಡೊಂದನ್ನು ಮೇಜಿನ ಮೇಲಿಡುತ್ತಾರೆ.

"ಮೇಸ್ತ್ರಿ, ಇದು ಹೋಯ್ತು ಕಣಪ್ಪ. ಮೊದಲು ಕಾಲು ಗಂಟೇಲಿ ನೀರು ಕಾಯ್ತಿತ್ತು, ಈಗ ಅರ್ಧ ಗಂಟೆ ಹಿಡೀತದೆ. ಹೊಸದು ಕೊಟ್ಬುಡು."

"ತಡೀರಿ ಅಣ್ಣ, ನೋಡೋವ. ಲೋ, ಬಕೆಟ್ಟಿಗೆ ನೀರು ತತ್ತಾ."

ಕೆಲಸ ಕಲಿಯುವ ಹುಡುಗ ಬಕೆಟ್ ತರುತ್ತಾನೆ. ರಾಡು ನೀರಿನಲ್ಲಿ ಮುಳುಗಿದ ಮೇಲೆಯೇ ಸ್ವಿಚ್ಚಿಗೆ ಕೈ ಹೋಗಬೇಕು, ಇದು ಇಲ್ಲಿನ ಮೊದಲ ಪಾಠ. ಮೇಸ್ತ್ರಿ ವೈರು ಸೀಳಿದ ಬೋರ್ಡೊಂದನ್ನು ಎಳೆದುಕೊಂಡು, ಒಂದೇ ಎಳೆಯ ಸುತ್ತ ಕ್ಲ್ಯಾಂಪ್ ಮೀಟರಿನ ಬಾಯಿ ಮುಚ್ಚುತ್ತಾರೆ. ಎರಡೂ ಎಳೆಗಳನ್ನು ಸೇರಿಸಿ ಹಿಡಿದರೆ ಹೋಗುವ ಕರೆಂಟು, ಬರುವ ಕರೆಂಟು ಒಂದನ್ನೊಂದು ಹೊಡೆದುಹಾಕಿ ಮೀಟರು ಸೊನ್ನೆ ತೋರಿಸುತ್ತದೆ. ಇನ್ನೊಂದು ಮೀಟರಿನ ಕಡ್ಡಿಗಳು ವೋಲ್ಟೇಜಿಗೆ.

ಸ್ವಿಚ್ ಹಾಕುತ್ತಾರೆ. 228 ವೋಲ್ಟ್. 6.49 ಆಂಪಿಯರ್.

"ಲೆಕ್ಕ ಹೇಳ್ಲಾ."

ಹುಡುಗ ಮೊಬೈಲಿನಲ್ಲಿ ಒತ್ತುತ್ತಾನೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, 35.1 ಓಮ್. ಎರಡನ್ನೂ ಗುಣಿಸಿದರೆ ಪವರ್, 1480 ವಾಟ್. ರಾಡಿನ ಹಿಡಿಯ ಮೇಲೆ ಬರೆದಿರುವುದು 230 ವೋಲ್ಟ್, 1500 ವಾಟ್. ರಾಡು ಗಟ್ಟಿಮುಟ್ಟಾಗಿದೆ.

"ಮತ್ಯಾಕೆ ಕಾಯಲ್ಲ?" ಹಿರಿಯರು ಒಪ್ಪುವುದಿಲ್ಲ.

ಮೇಸ್ತ್ರಿ ಮೂಲೆಯ ಡಿಮ್ಮರ್‌ಸ್ಟಾಟಿನ ಚಕ್ರ ತಿರುಗಿಸುತ್ತಾರೆ. ವೋಲ್ಟೇಜು 200, 185, 170ಕ್ಕೆ ಇಳಿಯುತ್ತದೆ. ಕರೆಂಟು 4.84. ಭಾಗಿಸಿ ನೋಡಿ, ಮತ್ತೆ ಅದೇ 35.1 ಓಮ್. ಗುಣಿಸಿದರೆ 823 ವಾಟ್. ವೋಲ್ಟೇಜು ಕಾಲು ಭಾಗ ಇಳಿದದ್ದಕ್ಕೆ ಪವರು ಹೆಚ್ಚುಕಡಿಮೆ ಅರ್ಧವೇ ಹೋಯಿತು. ವೋಲ್ಟೇಜಿನ ಜೊತೆ ಕರೆಂಟೂ ಇಳಿಯುವುದರಿಂದ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. 15 ಲೀಟರ್ ನೀರನ್ನು 25ರಿಂದ 50 ಡಿಗ್ರಿಗೆ ಏರಿಸಲು 1480 ವಾಟಿಗೆ ಸುಮಾರು 18 ನಿಮಿಷ, 823ಕ್ಕೆ 32. ಹಿರಿಯರು ಹೇಳಿದ ಕಾಲು ಗಂಟೆ, ಅರ್ಧ ಗಂಟೆ ಈ ಲೆಕ್ಕದಲ್ಲೇ ಕೂತಿವೆ.

ಹುಡುಗನಿಗೆ ಒಂದು ಅನುಮಾನ. ಇಷ್ಟೆಲ್ಲ ಯಾಕೆ, ಮಲ್ಟಿಮೀಟರಿನಲ್ಲಿ ಓಮ್ ನೋಡಿದರೆ ಸಾಲದೇ? ಒಳ್ಳೆಯ ಪ್ರಶ್ನೆ, ಮೇಸ್ತ್ರಿಗೂ ಅದು ಇಷ್ಟವಾಗುತ್ತದೆ. ಟೆಸ್ಟ್ ಲ್ಯಾಂಪಿನ 100 ವಾಟ್ ಬಲ್ಬನ್ನು ಬಿಚ್ಚಿ ಅವನ ಕೈಗೆ ಕೊಡುತ್ತಾರೆ. ಆರಿದ ಬಲ್ಬಿನ ತಳಕ್ಕೆ ಕಡ್ಡಿ ಮುಟ್ಟಿಸಿದರೆ 38 ಓಮ್. ನೀವು ಮುಂದಕ್ಕೆ ಬಾಗುತ್ತೀರಿ. ರಾಡಿನಷ್ಟೇ! ಹಾಗಾದರೆ ಈ ಬಲ್ಬು 1400 ವಾಟ್ ತಿನ್ನಬೇಕಲ್ಲ?

ಬಲ್ಬು ಹೋಲ್ಡರಿಗೆ ಮರಳುತ್ತದೆ. ಕರೆಂಟು ಚಿಕ್ಕದು, ಆದ್ದರಿಂದ ಮೇಸ್ತ್ರಿ ವೈರನ್ನು ಕ್ಲ್ಯಾಂಪಿನ ಬಾಯಿಗೆ ಹತ್ತು ಸುತ್ತು ಸುತ್ತುತ್ತಾರೆ. ಮೀಟರು 4.31 ಅನ್ನುತ್ತದೆ, ಹತ್ತರಿಂದ ಭಾಗಿಸಿದರೆ ನಿಜವಾದ ಕರೆಂಟು 0.431. ಅದೇ 228 ವೋಲ್ಟಿಗೆ 529 ಓಮ್, 98 ವಾಟ್. ಬೆಳಗುವಾಗ ಟಂಗ್‌ಸ್ಟನ್ ಎಳೆ ಎರಡು ಸಾವಿರ ಡಿಗ್ರಿ ದಾಟಿರುತ್ತದೆ, ಆ ಕಾವಿಗೆ ಅದರ ರೆಸಿಸ್ಟೆನ್ಸು ಹದಿನಾಲ್ಕು ಪಟ್ಟು ಹಿಗ್ಗಿದೆ. ರಾಡಿನೊಳಗಿನ ನೈಕ್ರೋಮ್ ತಂತಿ ಕಾದರೂ ಅಷ್ಟು ಬದಲಾಗುವುದಿಲ್ಲ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮಕ್ಕೆ ಕಾವು ಒಂದೇ ಇರಬೇಕೆಂಬ ಷರತ್ತನ್ನು ನಮ್ಮ ಪಠ್ಯಪುಸ್ತಕಗಳು ಅರ್ಧ ಸಾಲಿನಲ್ಲಿ ಮುಗಿಸುತ್ತವೆ. ಆ ಅರ್ಧ ಸಾಲಿನ ತೂಕ ಇಲ್ಲಿ ಕಣ್ಣೆದುರಿಗಿದೆ. ಕೆಲಸ ಮಾಡುತ್ತಿರುವಾಗ ವೋಲ್ಟೇಜು, ಕರೆಂಟು ಎರಡನ್ನೂ ಒಟ್ಟಿಗೆ ಅಳೆದರೆ ಮಾತ್ರ ವಸ್ತು ತನ್ನ ನಿಜ ಹೇಳುತ್ತದೆ.

"ರಾಡು ಹಾಕ್ದಾಗ ಮನೆ ಫ್ಯಾನು ನಿಧಾನ ಆಯ್ತದಾ ಅಣ್ಣ?"

"ಆಯ್ತದೆ."

"ಹಂಗಾದ್ರೆ ಕಂಬದಿಂದ ನಿಮ್ಮನೆಗೆ ಬರೋ ಸರ್ವಿಸ್ ವೈರಿನ ಜಾಯಿಂಟು ಮೊದ್ಲು ನೋಡಿಸ್ಬೇಕು. ಲೈನ್‌ಮನ್ನ ಕರೀರಿ, ನೀವು ಮುಟ್ಬೇಡಿ."

ಯಾಕೆಂದು ಹುಡುಗನಿಂದಲೇ ಹೇಳಿಸುತ್ತಾರೆ. 5 ಆಂಪಿಯರ್ ಹರಿಯುವಾಗ ಸಡಿಲ ಜಾಯಿಂಟೊಂದರಲ್ಲಿ 10 ವೋಲ್ಟ್ ಬಿದ್ದುಹೋದರೆ ಅಲ್ಲಿ 2 ಓಮ್ ಕೂತಿದೆ ಎಂದರ್ಥ. ಹತ್ತು ಐದಲೆ 50 ವಾಟ್. ಬೆಸುಗೆ ಹಾಕುವ ಐರನ್ನಿನಷ್ಟು ಶಾಖ ಆ ಬೆರಳುದ್ದದ ಗಂಟಿನಲ್ಲಿ ದಿನವೂ ಏಳುತ್ತಿರುತ್ತದೆ. ಸುತ್ತಿದ ಟೇಪು ಕರಗಿ ಕಪ್ಪಾಗುವುದು ಹೀಗೆ.

ತಂತಿ ಉದ್ದವಾದಷ್ಟೂ ಈ ನಷ್ಟ ದೊಡ್ಡದು. ಹತ್ತಿರದ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ವಿದ್ಯುತ್ ಕಳಿಸಿದವರು ವೋಲ್ಟೇಜನ್ನು 35,000ಕ್ಕೆ ಏರಿಸಿದ್ದು ಇದಕ್ಕೇ. ವೋಲ್ಟೇಜು ಏರಿದಷ್ಟು ಕರೆಂಟು ಇಳಿಯುತ್ತದೆ, ತಂತಿಯಲ್ಲಿ ಸುಡುವ ಪವರು ಕರೆಂಟಿನ ವರ್ಗದ ಲೆಕ್ಕದಲ್ಲಿ ಕುಗ್ಗುತ್ತದೆ.

"ಅಂದ್ರೆ ಲೋ ವೋಲ್ಟೇಜಲ್ಲಿ ನನ್ನ ಪಂಪೂ ಕಮ್ಮಿ ಕರೆಂಟು ಎಳೀತದಾ?"

"ಇಲ್ಲ ಅಣ್ಣ, ಅದು ಉಲ್ಟಾ." ಮೇಸ್ತ್ರಿ ಬಾಗಿಲ ಬಳಿಯ ಸುಟ್ಟ ವೈಂಡಿಂಗಿನ ಮೇಲೆ ಬೆರಳೆಳೆದು ಮಸಿ ತೋರಿಸುತ್ತಾರೆ. ರಾಡು ಸಿಕ್ಕಷ್ಟು ತಿಂದು ಸುಮ್ಮನಿರುತ್ತದೆ. ಮೋಟರಿಗೆ ನೀರೆತ್ತುವ ಹೊರೆ ಬಿಡುವುದಿಲ್ಲ, 415 ಇರಬೇಕಾದಲ್ಲಿ 340 ಬಂದರೆ ಹೊರೆಗಾಗಿ ಹೆಚ್ಚು ಕರೆಂಟು ಎಳೆಯುತ್ತದೆ. ಕರೆಂಟು ಕಾಲು ಭಾಗ ಹೆಚ್ಚಿದರೆ ತಾಮ್ರದಲ್ಲಿ ಏಳುವ ಶಾಖ ಒಂದೂವರೆ ಪಟ್ಟು.

"ಸ್ಟಾರ್ಟರ್ ಪೆಟ್ಟಿಗೇಲಿ ಎರಡು ಮೀಟರ್ ಅವಲ್ಲ, ನೋಡ್ತೀರಾ?"

"ಅದ್ರ ಮುಳ್ಳು ಅಲ್ಲಾಡದೆ ಎರಡು ವರ್ಷ ಆಯ್ತು ಕಣಪ್ಪ."

"ಹೊಸ ರಾಡಿನ ದುಡ್ಡಲ್ಲಿ ಅದನ್ನ ಹಾಕ್ಸಿ. ನಾಳೆ ಹುಡುಗನ್ನ ಕಳಿಸ್ತೀನಿ."