ಆಟಗಳ ಜೀರ್ಣೋದ್ಧಾರ

ಒಂದು ಕೃತಿಯು ತಾನು ಹುಟ್ಟಿದ ಆಶ್ರಯವನ್ನು ಬಿಟ್ಟು ಬೇರೊಂದು ಆಶ್ರಯವನ್ನು ಸೇರುವಾಗ ಏನನ್ನಾದರೂ ಕಳೆದುಕೊಳ್ಳದೆ ಇರುವುದಿಲ್ಲ. ತಾಳೆಯೋಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಬಂದ ನಮ್ಮ ಗ್ರಂಥಗಳ ಚರಿತ್ರೆಯೆಲ್ಲ ಇದಕ್ಕೆ ಸಾಕ್ಷಿ. ಒಬ್ಬ ಲಿಪಿಕಾರನು ಒಂದು ಅಕ್ಷರವನ್ನು ಬಿಟ್ಟನು. ಇನ್ನೊಬ್ಬನು ಒಂದು ಸಾಲನ್ನು ಎರಡು ಸಲ ಬರೆದನು. ಮೂರನೆಯವನು ತನಗೆ ತಿಳಿಯದ ಪದವನ್ನು ತಿಳಿದ ಪದವಾಗಿ ತಿದ್ದಿದನು. ಮೊದಲ ಇಬ್ಬರ ದೋಷವನ್ನು ಕಂಡುಹಿಡಿಯುವುದು ಅಷ್ಟು ಕಷ್ಟವಲ್ಲ. ಮೂರನೆಯವನ ದೋಷವಾದರೋ ಶುದ್ಧಿಯ ವೇಷವನ್ನೇ ಧರಿಸಿ ಕುಳಿತಿರುವುದರಿಂದ ಎಷ್ಟೋ ಕಾಲ ಕಣ್ಣಿಗೆ ಬೀಳುವುದಿಲ್ಲ. ಈ ಮೂರು ಬಗೆಯ ದೋಷಗಳೂ, ಅವನ್ನು ತೊಳೆಯಲು ಹೊರಟ ಶೋಧಕರ ಪರಿಶ್ರಮವೂ, ಪಂಡಿತರು ಕನಸಿನಲ್ಲಿಯೂ ನೆನೆಯದ ಒಂದು ಕ್ಷೇತ್ರದಲ್ಲಿ ಈಗ ಯಥಾವತ್ತಾಗಿ ಕಾಣಸಿಗುತ್ತಿವೆ. ಅದು ವಿಡಿಯೋ ಗೇಮುಗಳ ಕ್ಷೇತ್ರ.

ಆಟವೆಂದ ಕೂಡಲೆ ಹುಬ್ಬುಗಂಟಿಕ್ಕುವ ವಾಚಕರು ಸ್ವಲ್ಪ ತಾಳ್ಮೆ ವಹಿಸಬೇಕೆಂದು ಪ್ರಾರ್ಥನೆ. ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಹೇಳಿಕೊಡುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಈ ವಿಷಯದಲ್ಲಿ ಗುರುವಾದವನು ನನ್ನ ತಮ್ಮನ ಮಗ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವನು ರಜೆಗೆ ಬಂದಾಗ ನಾನು ಹಳೆಯ ಹಸ್ತಪ್ರತಿಯೊಂದನ್ನು ಹರಡಿಕೊಂಡು ಕುಳಿತಿದ್ದುದನ್ನು ಕಂಡು, "ದೊಡ್ಡಪ್ಪ, ನೀವು ಮಾಡುವ ಕೆಲಸವನ್ನೇ ನಮ್ಮವರು ಆಟಗಳಿಗೆ ಮಾಡುತ್ತಾರೆ" ಎಂದನು. ಹೇಗೆಂದು ಕೇಳಿದೆ. ಅವನು ತೋರಿಸಿದುದನ್ನೂ, ಅನಂತರ ನಾನು ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ನಿವೇದಿಸಿದ್ದೇನೆ.

ಆಟಕ್ಕೆಂದೇ ನಿರ್ಮಿತವಾದ ಪ್ಲೇಸ್ಟೇಷನ್ ಮೊದಲಾದ ಯಂತ್ರಗಳಿಗೆ ಕನ್ಸೋಲ್ ಎಂದು ಹೆಸರು. ಒಂದು ಮಾದರಿಯ ಕನ್ಸೋಲುಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಆದುದರಿಂದ ಆಟವನ್ನು ರಚಿಸುವವರು ಆ ಯಂತ್ರದ ಬಲಾಬಲಗಳನ್ನು ಅರಿತು ಅದರ ಅಳತೆಗೇ ತಮ್ಮ ಕೃತಿಯನ್ನು ಹೊಂದಿಸುತ್ತಾರೆ. ಮನೆಯ ಕಂಪ್ಯೂಟರಾದರೋ ಒಂದರಂತೆ ಒಂದಿಲ್ಲ. ಕನ್ಸೋಲಿನ ಆಟವನ್ನು ಕಂಪ್ಯೂಟರಿಗೆ ಒಗ್ಗಿಸಿದ ಪ್ರತಿಗೆ ಪೋರ್ಟ್ ಎನ್ನುತ್ತಾರೆ. ಎಷ್ಟೋ ವೇಳೆ ಈ ಕೆಲಸವು ಮೂಲಕರ್ತೃಗಳನ್ನು ಬಿಟ್ಟು ಬೇರೆಯವರ ಪಾಲಿಗೆ, ಅದೂ ಅವಸರದ ಗಡುವಿನೊಡನೆ, ಬೀಳುತ್ತದೆ. ಹೀಗೆ ಕೆಟ್ಟ ಪ್ರತಿಯನ್ನು ಅಭಿಮಾನಿಗಳು, ಬಹುಮಟ್ಟಿಗೆ ಸಂಬಳವಿಲ್ಲದೆ, ಸರಿಪಡಿಸಿ ಹಂಚುವ ತಿದ್ದುಪಡಿಗೆ ಮಾಡ್ ಎಂದು ಹೆಸರು.

ಜಪಾನಿನ ಕೊನಾಮಿ ಸಂಸ್ಥೆಯವರು 2001ರಲ್ಲಿ ಪ್ಲೇಸ್ಟೇಷನ್ 2 ಯಂತ್ರಕ್ಕೆ ‘ಸೈಲೆಂಟ್ ಹಿಲ್ 2’ ಎಂಬ ಆಟವನ್ನು ಹೊರತಂದರು. ಸತ್ತುಹೋದ ಹೆಂಡತಿಯಿಂದ ಪತ್ರ ಬಂದಿತೆಂದು ನಂಬಿ ಒಂದು ನಿರ್ಜನ ಪಟ್ಟಣಕ್ಕೆ ಬಂದವನ ಕಥೆ ಅದು. ಆ ಪಟ್ಟಣವನ್ನೆಲ್ಲ ಮಂಜು ಕವಿದಿರುತ್ತದೆ. 1999ರ ಮೊದಲ ಆಟದಲ್ಲಿ ಈ ಮಂಜು ದುರ್ಬಲವಾದ ಯಂತ್ರದ ಮಾನವನ್ನು ಕಾಯುವ ತೆರೆಯಾಗಿದ್ದಿತು; ದೂರದ ದೃಶ್ಯವನ್ನು ಬಿಡಿಸಲು ಅದಕ್ಕೆ ಶಕ್ತಿ ಸಾಲದು. ಆದರೆ ಎರಡನೆಯ ಆಟದ ವೇಳೆಗೆ ಮಂಜು ಕಥೆಯ ಒಂದು ಪಾತ್ರವೇ ಆಗಿಬಿಟ್ಟಿತ್ತು. 2002ರಲ್ಲಿ ಬಂದ ಕಂಪ್ಯೂಟರ್ ಪ್ರತಿಯಲ್ಲಿ ಆ ಮಂಜಿನ ಗುಣ ಕೆಟ್ಟಿತು. ಮುಂದೆ ಹೊಸ ಪ್ರೊಸೆಸರುಗಳು ಬಂದಂತೆ ಧ್ವನಿಯು ಒಂದೆಡೆ ಸಿಕ್ಕಿಕೊಂಡು ಆಟವೇ ನಿಂತುಹೋಗತೊಡಗಿತು. 2012ರಲ್ಲಿ ಸಂಸ್ಥೆಯು ಪ್ಲೇಸ್ಟೇಷನ್ 3 ಮೊದಲಾದ ಯಂತ್ರಗಳಿಗೆ ತಂದ ಪರಿಷ್ಕೃತ ಆವೃತ್ತಿಯಲ್ಲಂತೂ ಮಂಜು ತೆಳುವಾಗಿ, ಮರೆಯಲ್ಲಿರಬೇಕಾದುದೆಲ್ಲ ಬಯಲಾಯಿತು. ಆಟದ ಅಂತಿಮ ರೂಪದ ಮೂಲಸಂಕೇತವೇ ಸಂಸ್ಥೆಯಲ್ಲಿ ಉಳಿದಿರಲಿಲ್ಲವೆಂದೂ, ಅಪೂರ್ಣವಾದ ಪ್ರತಿಯನ್ನಿಟ್ಟುಕೊಂಡು ದುಡಿಯಬೇಕಾಯಿತೆಂದೂ ಆ ಆವೃತ್ತಿಯ ನಿರ್ಮಾಪಕರಲ್ಲೊಬ್ಬರು ಹೇಳಿದರು. ಹನ್ನೊಂದೇ ವರ್ಷಗಳಲ್ಲಿ ಕರ್ತೃವಿನ ಮನೆಯಲ್ಲಿಯೇ ಸ್ವಹಸ್ತಪ್ರತಿ ಲುಪ್ತವಾಯಿತು! ಗೆದ್ದಲಿಗೂ ಇದಕ್ಕಿಂತ ಹೆಚ್ಚು ಕಾಲ ಬೇಕು. ಕೊನೆಗೆ ‘ಎನ್‌ಹ್ಯಾನ್ಸ್‌ಡ್ ಎಡಿಷನ್’ ಎಂಬ ಹೆಸರಿನಲ್ಲಿ ಹಳೆಯ ಕಂಪ್ಯೂಟರ್ ಪ್ರತಿಯನ್ನು ಶೋಧಿಸಿ, ಮಂಜನ್ನೂ ಧ್ವನಿಯನ್ನೂ ಮೂಲಕ್ಕೆ ಹೋಲಿಸಿ ಮರಳಿ ತಂದವರು ಅಭಿಮಾನಿಗಳ ಒಂದು ಸಣ್ಣ ಗುಂಪಿನವರು. ಅವರು ಆಟವನ್ನು ಹಂಚುವುದಿಲ್ಲ, ತಿದ್ದುಪಡಿಯನ್ನು ಮಾತ್ರ ಹಂಚುತ್ತಾರೆ. ಮೂಲಪ್ರತಿಯು ಆಡುವವನ ಬಳಿಯಲ್ಲಿಯೇ ಇರತಕ್ಕದ್ದು.

ಎರಡನೆಯ ಉದಾಹರಣೆ ‘ಡಾರ್ಕ್ ಸೋಲ್ಸ್’. 2011ರಲ್ಲಿ ಕನ್ಸೋಲುಗಳಿಗೆ ಬಂದು ಕೀರ್ತಿ ಪಡೆದ ಈ ಆಟವು 2012ರ ಆಗಸ್ಟಿನಲ್ಲಿ ಕಂಪ್ಯೂಟರಿಗೆ ಬಂದಿತು. ಪರದೆ ಎಷ್ಟೇ ದೊಡ್ಡದಿದ್ದರೂ ಒಳಗಿನ ಚಿತ್ರವು 1024 × 720 ಚುಕ್ಕಿಗಳಿಗೆ ಕಟ್ಟುಬಿದ್ದು ಮಸಕಾಗಿತ್ತು. ಆಸ್ಟ್ರಿಯ ದೇಶದ ಪೀಟರ್ ಥೋಮನ್ ಎಂಬ ಗಣಕವಿಜ್ಞಾನಿ, ಡ್ಯುರಾಂಟೆ ಎಂಬ ಅಂಕಿತದಿಂದ, ಆಟ ಬಿಡುಗಡೆಯಾದ ದಿನವೇ ‘ಡಿ.ಎಸ್.ಫಿಕ್ಸ್’ ಎಂಬ ತಿದ್ದುಪಡಿಯನ್ನು ಪ್ರಕಟಿಸಿದನು. ಅವನ ಉಪಾಯವು ನನಗೆ ಬಹಳ ಹಿಡಿಸಿತು. ಆಟದ ಮೂಲವನ್ನು ಅವನು ಮುಟ್ಟಲಿಲ್ಲ. ಆಟಕ್ಕೂ ಚಿತ್ರ ಬಿಡಿಸುವ ವ್ಯವಸ್ಥೆಗೂ ನಡುವೆ ಒಬ್ಬ ದುಭಾಷಿಯನ್ನು ನಿಲ್ಲಿಸಿ, ಸಣ್ಣ ಚಿತ್ರವನ್ನು ಕೇಳಿದ ಮಾತನ್ನು ದೊಡ್ಡ ಚಿತ್ರವನ್ನು ಕೇಳಿದಂತೆ ಮುಂದಕ್ಕೆ ದಾಟಿಸಿದನು. ದುಭಾಷಿಯನ್ನು ಎಬ್ಬಿಸಿ ಕಳುಹಿಸಿದರೆ ಆಟವು ಮೊದಲಿದ್ದಂತೆಯೇ ಇರುತ್ತದೆ. ವ್ಯಾಖ್ಯಾನಕಾರನೆಂದರೆ ಹೀಗಿರಬೇಕು. ಮುಂದೆ ಈತನೇ ಇಂತಹ ಪೋರ್ಟುಗಳನ್ನು ಅಧಿಕೃತವಾಗಿ ಸಿದ್ಧಪಡಿಸುವ ವೃತ್ತಿಗೆ ಬಂದನೆಂಬುದು ಸಂತೋಷದ ಸಂಗತಿ.

ಮೂರನೆಯದು ವೈಯಾಕರಣರಿಗೆ ರುಚಿಸತಕ್ಕದ್ದು. ‘ಗ್ರಾಂಡ್ ಥೆಫ್ಟ್ ಆಟೋ: ಸಾನ್ ಆಂಡ್ರಿಯಾಸ್’ ಎಂಬ ಆಟವು 2004ರಲ್ಲಿ ಪ್ಲೇಸ್ಟೇಷನ್ 2ಕ್ಕೂ 2005ರಲ್ಲಿ ಕಂಪ್ಯೂಟರಿಗೂ ಬಂದಿತು. ಕಳ್ಳರ ಕಥೆ, ಮಕ್ಕಳಿಗೆ ಹೇಳಿಸಿದ್ದಲ್ಲ. ಅದರಲ್ಲಿ ನೀರಿನ ಮೇಲಿಳಿಯುವ ಸ್ಕಿಮ್ಮರ್ ಎಂಬ ವಿಮಾನವೊಂದುಂಟು. ವಿಂಡೋಸ್ 11ರ 2024ರ ಆವೃತ್ತಿಯನ್ನು ಸೇರಿಸಿಕೊಂಡ ಕಂಪ್ಯೂಟರುಗಳಲ್ಲಿ ಈ ವಿಮಾನ ಮಾಯವಾಯಿತು. ಬಲವಂತವಾಗಿ ಬರಿಸಿದರೆ ಏರಿದವನನ್ನು ಊಹೆಗೆ ಮೀರಿದ ಎತ್ತರಕ್ಕೆ ಎಸೆಯುತ್ತಿತ್ತು. ಈ ಆಟದ ದೋಷಗಳನ್ನು ಬಹುಕಾಲದಿಂದ ತಿದ್ದುತ್ತಿರುವ, ಸೈಲೆಂಟ್ ಎಂಬ ಅಂಕಿತದ ಪ್ರೋಗ್ರಾಮರನು 2025ರಲ್ಲಿ ಕಾರಣವನ್ನು ಬಿಡಿಸಿಟ್ಟನು. ವಾಹನಗಳ ಪಟ್ಟಿಯಲ್ಲಿ ಒಂದೊಂದು ಸಾಲಿನ ಕೊನೆಗೆ ಚಕ್ರದ ಅಳತೆ ಇರಬೇಕು. ಸ್ಕಿಮ್ಮರಿನ ಸಾಲಿನಲ್ಲಿ ಅದು ಬಿಟ್ಟುಹೋಗಿತ್ತು. ಹಿಂದಿನ ಆಟದಲ್ಲಿ ಈ ವಾಹನವನ್ನು ದೋಣಿಯೆಂದು ಪರಿಗಣಿಸಿದ್ದರು, ದೋಣಿಗೆ ಚಕ್ರವೆಲ್ಲಿಯದು? ಆದರೂ ಇಪ್ಪತ್ತು ವರ್ಷ ವಿಮಾನ ಹಾರಿತು. ಹೇಗೆಂದರೆ, ಹಿಂದಿನ ಸಾಲಿನಲ್ಲಿದ್ದ ವ್ಯಾನಿನ ಚಕ್ರದ ಅಳತೆಯು ಯಂತ್ರದ ಸ್ಮೃತಿಯಲ್ಲಿ ಅಳಿಸದೆ ಉಳಿದು ಈ ಸಾಲಿಗೂ ಒದಗುತ್ತಿತ್ತು. ಪಾಣಿನಿಯ ಸೂತ್ರಗಳನ್ನು ಬಲ್ಲವರು ಇದನ್ನು ಕೂಡಲೇ ಗುರುತಿಸುವರು: ಇದು ಅನುವೃತ್ತಿ! ಆದರೆ ಸೂತ್ರಕಾರನು ಉದ್ದೇಶಿಸದ ಅನುವೃತ್ತಿ. ಹೊಸ ವಿಂಡೋಸ್ ಸ್ಮೃತಿಯ ಆ ಸ್ಥಳವನ್ನು ತನ್ನ ಕೆಲಸಕ್ಕೆ ಬಳಸಿಕೊಂಡಿತು, ಅನುವೃತ್ತಿ ತಪ್ಪಿತು, ಅನರ್ಥವಾಯಿತು. ಬಿಟ್ಟುಹೋದ ಒಂದು ಸಂಖ್ಯೆಗಾಗಿ ಇಷ್ಟು ಆಳಕ್ಕಿಳಿದವನನ್ನು ಪಂಡಿತನೆನ್ನದೆ ಏನೆನ್ನುವುದು?

ಇನ್ನು ಆ ಮೂರನೆಯ ಲಿಪಿಕಾರನ ಮಾತು. ಇದೇ ಆಟವನ್ನು ಅದರ ಒಡೆಯರು 2021ರ ನವೆಂಬರಿನಲ್ಲಿ ನವೀಕರಿಸಿ ಹೊರತಂದರು. ಅದರಲ್ಲಿ ಒಂದು ಡೋನಟ್ ಅಂಗಡಿಯ ಫಲಕವಿದೆ. ಅಂಗಡಿಯ ಹೆಸರಿನಲ್ಲಿ ನಟ್ಟಿನ ಶ್ಲೇಷವಿರುವುದರಿಂದ ಮೂಲದಲ್ಲಿ ಆರು ಮೂಲೆಯ ಕಬ್ಬಿಣದ ನಟ್ಟಿನ ಆಕಾರವನ್ನಿಟ್ಟಿದ್ದರು. ನವೀಕರಿಸಿದವರು ಮೂಲೆಗಳನ್ನು ಹಳೆಯ ಯಂತ್ರದ ಒರಟುತನವೆಂದೆಣಿಸಿ ಉಜ್ಜಿ ದುಂಡಗೆ ಮಾಡಿದರು, ಶ್ಲೇಷ ಸತ್ತಿತು. ದೂರವನ್ನು ಮರೆಸುತ್ತಿದ್ದ ಮಬ್ಬನ್ನೂ ತೆಗೆದರು. ಒಂದು ರಾಜ್ಯದಷ್ಟು ವಿಸ್ತಾರವೆಂದು ತೋರುತ್ತಿದ್ದ ಭೂಮಿ ಒಂದು ಸಣ್ಣ ದ್ವೀಪವೆಂದು ಬಯಲಾಯಿತು. ಒಡೆಯರು ಕ್ಷಮೆ ಕೇಳಬೇಕಾಯಿತು. ಸ್ವಾಮ್ಯವಿದ್ದ ಮಾತ್ರಕ್ಕೆ ತಿದ್ದುವ ಯೋಗ್ಯತೆ ಬರುವುದಿಲ್ಲವೆಂದು ಇದರಿಂದ ವೇದ್ಯವಾಗುತ್ತದೆ.

ಹಾಗೆಂದು ಅಭಿಮಾನಿಗಳ ಕೈಯಲ್ಲಿ ಎಲ್ಲವೂ ಕ್ಷೇಮವೆಂದು ಹೇಳಲಾರೆ. ಡಾರ್ಕ್ ಸೋಲ್ಸ್ ಸೆಕೆಂಡಿಗೆ 30 ಚಿತ್ರಗಳ ಗತಿಗೆ ರಚಿತವಾದ ಆಟ. ಅದನ್ನು 60ಕ್ಕೆ ಏರಿಸುವ ಸೌಲಭ್ಯ ದೊರೆತಾಗ ನೋಟವೇನೋ ನಯವಾಯಿತು. ಆದರೆ ಏಣಿಯಿಂದ ಜಾರಿ ಇಳಿದವನು ನೆಲವನ್ನೂ ತೂರಿಕೊಂಡು ಪಾತಾಳಕ್ಕೆ ಬೀಳುವ ಅಪಾಯವೂ ಕೂಡಿಬಂದಿತು. ಗತಿಯೊಡನೆ ಲೆಕ್ಕಾಚಾರವೂ ಹೆಣೆದುಕೊಂಡಿತ್ತು. ಇದಲ್ಲದೆ ಪಾತ್ರಗಳ ಮುಖವನ್ನೇ ಬದಲಿಸಿ ಉಡುಪನ್ನು ಬೇರೆ ಮಾಡುವ ಮಾಡುಗಳೂ ಬೇಕಾದಷ್ಟಿವೆ. ಅವು ವಿನೋದ, ಜೀರ್ಣೋದ್ಧಾರವಲ್ಲ. ದೇವಸ್ಥಾನದ ಬಿರುಕನ್ನು ಮುಚ್ಚುವುದು ಬೇರೆ, ಕಲ್ಲಿನ ಕಂಬಕ್ಕೆ ಎನಾಮಲ್ ಬಣ್ಣ ಬಳಿಯುವುದು ಬೇರೆ.

ಈ ವಿಚಾರವು ನನಗೆ ಬರಿಯ ಕುತೂಹಲದ್ದಲ್ಲ. ನನ್ನ ವ್ಯಾಕರಣಗುರುಗಳು ಪಾಠಕ್ಕಾಗಿ ಬರೆದಿಟ್ಟ ನಾಲ್ಕು ಟಿಪ್ಪಣಿಪುಸ್ತಕಗಳು ಈಗ ನನ್ನ ಮುಂದಿವೆ. ಅವರ ಮಗಳು ಅವನ್ನು ನನಗೊಪ್ಪಿಸಿ, "ಅಪ್ಪನ ಮಾತು ಅಪ್ಪನದಾಗಿಯೇ ಇರಲಿ; ಆದರೆ ಈಗಿನ ಹುಡುಗರಿಗೂ ತಿಳಿಯುವ ಹಾಗಿರಲಿ" ಎಂದರು. ಮುದ್ರಿಸಲೊಪ್ಪಿದವರು ಪುನರುಕ್ತಿಗಳನ್ನೆಲ್ಲ ತೆಗೆದು ನಯಮಾಡಿ ಕೊಡಿರೆನ್ನುತ್ತಾರೆ. ಗುರುಗಳು ಒಂದೇ ಉದಾಹರಣೆಯನ್ನು ಮೂರು ಕಡೆ ಬರೆದಿರುವುದು ನಿಜ. ಆದರೆ ಅವರ ಮುಂದೆ ಕುಳಿತು ಪಾಠ ಕೇಳಿದ ನಾನು ಬಲ್ಲೆ, ಅದು ಮರೆವಲ್ಲ. ತಡವಾಗಿ ತಿಳಿದುಕೊಳ್ಳುವ ಹುಡುಗನಿಗಾಗಿ ಅವರು ನಿಂತ ನಿಲುಗಡೆ. ಅದನ್ನು ತೆಗೆದರೆ ವ್ಯಾಕರಣ ಉಳಿದೀತು, ಗುರುಗಳು ಉಳಿಯರು. ಅದೂ ಒಂದು ಮಂಜೇ. ಸೂತ್ರದ ಸಂಖ್ಯೆ ತಪ್ಪಿರುವ ಕಡೆಯಾದರೋ ಸುಮ್ಮನಿರುವುದು ಓದುವ ಹುಡುಗರಿಗೆ ದ್ರೋಹ.

ಪುಣೆಯ ಭಾಂಡಾರಕರ ಸಂಸ್ಥೆಯಲ್ಲಿ ವಿ. ಎಸ್. ಸುಕ್ತಂಕರರ ನೇತೃತ್ವದಲ್ಲಿ ರೂಪುಗೊಂಡು 1966ರಲ್ಲಿ ಮುಗಿದ ಮಹಾಭಾರತದ ಪರಿಷ್ಕೃತ ಆವೃತ್ತಿಯಲ್ಲಿ, ನಿಶ್ಚಯ ಸಾಲದ ಪಾಠಗಳ ಕೆಳಗೆ ಅಲೆಯಂತಹ ಗೆರೆಯನ್ನೆಳೆದು ಪಾಠಾಂತರಗಳನ್ನು ಅಡಿಯಲ್ಲಿ ಕೊಟ್ಟಿದ್ದಾರೆ. ಡಿ.ಎಸ್.ಫಿಕ್ಸಿನ ಕರ್ತೃವಿನದೂ ಇದೇ ನೀತಿ: ಮೂಲವನ್ನು ಮುಟ್ಟದಿರುವುದು, ತಿದ್ದುಪಡಿಯನ್ನು ಬೇರೆಯಾಗಿ ಇಡುವುದು, ಬೇಡವೆನ್ನುವವನಿಗೆ ತೆಗೆದುಹಾಕುವ ಸ್ವಾತಂತ್ರ್ಯ ಕೊಡುವುದು. ಗುರುಗಳ ಪುಸ್ತಕಕ್ಕೂ ಇದನ್ನೇ ಅನುಸರಿಸುವುದೆಂದು ನಿಶ್ಚಯಿಸಿದ್ದೇನೆ. ಮೇಲೆ ಅವರ ಮಾತು, ಗೆರೆಯ ಕೆಳಗೆ ನನ್ನದು. ಇದಕ್ಕೆ ಮುದ್ರಕರು ಒಪ್ಪದಿದ್ದರೆ ಬೇರೆಯವರನ್ನು ಹುಡುಕಬೇಕಾಗುವುದು. ನನ್ನ ವಯಸ್ಸಿನಲ್ಲಿ ಅದು ಸಣ್ಣ ಮಾತಲ್ಲ, ಆದರೂ ಆಗಲಿ.

ನಮ್ಮ ಸಂಘದ ಸದಸ್ಯರಲ್ಲಿ ಅನೇಕರ ಮನೆಗಳಲ್ಲಿ ಹಿರಿಯರ ಬರಹಗಳಿವೆ, ಕೆಲವರಲ್ಲಿ ಹಳೆಯ ಧ್ವನಿಸುರುಳಿಗಳೂ ಇವೆ. ಅವನ್ನು ಶುದ್ಧಪಡಿಸಿ ಪ್ರಕಟಿಸಬೇಕೆಂಬ ಉತ್ಸಾಹವೂ ಈಚೆಗೆ ಕಾಣುತ್ತಿದೆ. ಸಂತೋಷವೇ. ತಿದ್ದುವ ಮೊದಲು, ಇದ್ದುದನ್ನು ಇದ್ದಂತೆಯೇ ಒಂದು ಪ್ರತಿ ಮಾಡಿ ಬೇರೆಡೆ ಇಡಬೇಕೆಂದು ಮಾತ್ರ ನನ್ನ ವಿಜ್ಞಾಪನೆ. ಕೋಟಿಗಟ್ಟಲೆ ಹಣವುಳ್ಳ ಸಂಸ್ಥೆಗಳು ಇದೊಂದನ್ನು ಮಾಡದೆ ಹೋದುದರಿಂದಲೇ, ಅವರ ಆಟವನ್ನು ಪ್ರೀತಿಸಿದವರು ರಾತ್ರಿಗಳನ್ನು ಕಳೆದು ಮಂಜನ್ನು ಮತ್ತೆ ಹುಡುಕಬೇಕಾಯಿತು.